ಮೂರು ವರ್ಷದ ಅನುಭವ

ತಪ್ಪು ಹುಡುಕುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರನ್ನು ಯಾರೂ ಅಕ್ಕರೆಯ ಹೆಸರಿನಿಂದ ಕರೆಯುವುದಿಲ್ಲ. ಅವಳಿಗೆ ಆಫೀಸಿನಲ್ಲಿ ಬಿದ್ದಿದ್ದ ಹೆಸರು ಕೊಕ್ಕೆಯಕ್ಕ. ಹುಡುಗರು ತಿಂಗಳುಗಟ್ಟಲೆ ಕೂತು ಬರೆದ ಪ್ರೋಗ್ರಾಂ ಗಿರಾಕಿಯ ಕೈಸೇರುವ ಮೊದಲು ಅವಳ ಮೇಜಿಗೆ ಬರಬೇಕಿತ್ತು. ಬಂದಮೇಲೆ ಕೊಕ್ಕೆ ಬೀಳದೆ ಮುಂದೆ ಹೋದದ್ದು ಅಪರೂಪ. ವಯಸ್ಸಿನ ಜಾಗದಲ್ಲಿ ಇನ್ನೂರು ಎಂದು ತುಂಬಿದರೆ ಏನಾಗುತ್ತದೆ, ಮದುವೆಯ ತಾರೀಖು ಹುಟ್ಟಿದ ತಾರೀಖಿಗಿಂತ ಹಿಂದಿದ್ದರೆ ಏನಾಗುತ್ತದೆ, ಸಿಟ್ಟು ಬಂದವನೊಬ್ಬ ಒಂದೇ ಗುಂಡಿಯನ್ನು ಹತ್ತು ಸಲ ಒತ್ತಿದರೆ ಏನಾಗುತ್ತದೆ, ಇಂಥವನ್ನೆಲ್ಲ ಯೋಚಿಸುವುದಕ್ಕೇ ಅವಳಿಗೆ ಸಂಬಳ ಕೊಡುತ್ತಿದ್ದರು. ಮೊಸರಲ್ಲಿ ಕಲ್ಲು ಹುಡುಕುವವಳು ಎಂದು ಹುಡುಗರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಕಲ್ಲು ಸಿಗುತ್ತಿತ್ತಲ್ಲ, ಅದಕ್ಕೇನನ್ನುತ್ತೀರಿ?

ಹತ್ತೊಂಬತ್ತು ವರ್ಷ ಒಂದೇ ಕಂಪನಿಯಲ್ಲಿ ಹೀಗೆ ಕಳೆದವು. ಒಂದು ಮಂಗಳವಾರ ಬೆಳಿಗ್ಗೆ ಹದಿನೈದು ನಿಮಿಷದ ಮೀಟಿಂಗ್ ಎಂದು ಕರೆದರು. ಪರದೆಯ ಮೇಲೆ ಇದುವರೆಗೆ ನೋಡಿರದ ಒಬ್ಬ ಗಂಡಸು ಕೂತಿದ್ದ. ಇನ್ನು ಮುಂದೆ ಪರೀಕ್ಷೆಯ ಕೆಲಸವನ್ನೆಲ್ಲ ಯಂತ್ರವೇ ಮಾಡುತ್ತದೆ, ನಿಮ್ಮ ಇಷ್ಟು ವರ್ಷಗಳ ಸೇವೆಗೆ ನಾವು ಋಣಿ ಎಂದು ಅವನು ಓದಿ ಹೇಳಿದ. ಹನ್ನೊಂದು ನಿಮಿಷಕ್ಕೆ ಮುಗಿಯಿತು. ತನ್ನ ಕೆಲಸಕ್ಕೆ ಮರಳಿ ನೋಡಿದರೆ ಲ್ಯಾಪ್‌ಟಾಪ್ ಆಗಲೇ ಬೀಗ ಹಾಕಿಕೊಂಡಿತ್ತು. ಒಂದು ತಪ್ಪಿನ ಬಗ್ಗೆ ವರದಿ ಬರೆಯುತ್ತ ಅರ್ಧಕ್ಕೆ ಬಿಟ್ಟು ಮೀಟಿಂಗಿಗೆ ಎದ್ದಿದ್ದಳು. ಆ ಅರ್ಧ ವಾಕ್ಯ ಒಳಗೇ ಉಳಿಯಿತು. ಕೆಲಸ ಹೋದದ್ದಕ್ಕಿಂತ ಆ ವಾಕ್ಯ ಮುಗಿಸಲಾಗಲಿಲ್ಲ ಎಂಬುದೇ ಮೊದಲ ಒಂದು ವಾರ ಅವಳನ್ನು ಕೊರೆಯಿತು. ಹುಚ್ಚು ಎನ್ನಬಹುದು. ಕೆಲಸ ಕಚ್ಚಿಕೊಂಡವರಿಗೆಲ್ಲ ಇಂಥ ಹುಚ್ಚು ಇರುತ್ತದೆ.

ಮನೆಯಲ್ಲಿ ಗಂಡ, ಅತ್ತೆ, ಹತ್ತನೆಯ ತರಗತಿಯ ಮಗಳು. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವನು, ಮಾತು ಕಡಿಮೆ. ಆ ಕೊರತೆಯನ್ನೆಲ್ಲ ಅತ್ತೆ ತುಂಬಿಕೊಡುತ್ತಿದ್ದರು.

"ಹತ್ತೊಂಬತ್ತು ವರ್ಷ ಮೈಮುರಿದು ದುಡಿದಿದ್ದೀಯ. ಒಂದು ತಿಂಗಳು ಕಾಲು ಚಾಚಿಕೊಂಡು ಕೂತ್ಕೋ," ಎಂದರು ಅತ್ತೆ ಮೊದಲ ತಿಂಗಳು. ಮೂರನೆಯ ತಿಂಗಳು, "ಏನಮ್ಮಾ, ಯಾರಾದ್ರೂ ಫೋನ್ ಮಾಡಿದ್ರಾ?" ಎಂದರು. ಐದನೆಯ ತಿಂಗಳಿಗೆ, ಯಾರಿಗೂ ಅಲ್ಲದ ಹಾಗೆ ಗೋಡೆಯ ಕಡೆ ತಿರುಗಿ, "ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು ಅಂತಿದ್ರು ನಮ್ಮಮ್ಮ," ಎಂದರು. ಅವರದು ಕೆಟ್ಟ ಮನಸ್ಸಲ್ಲ. ಬಾಯಿ ಮಾತ್ರ ಮನಸ್ಸಿಗಿಂತ ಒಂದು ಹೆಜ್ಜೆ ಮುಂದೆ.

ಕೆಲಸ ಹುಡುಕುವುದೂ ಒಂದು ಕೆಲಸವೇ, ಸಂಬಳವಿಲ್ಲದ್ದು ಅಷ್ಟೆ. ಬೆಳಿಗ್ಗೆ ಒಂಬತ್ತಕ್ಕೆ ಸ್ನಾನ ಮುಗಿಸಿ, ಆಫೀಸಿಗೆ ಹೊರಟವಳ ಹಾಗೆ ಬಟ್ಟೆ ಉಟ್ಟು, ಮಗಳ ಓದುವ ಮೇಜಿನ ಮುಂದೆ ಕೂರುತ್ತಿದ್ದಳು. ದಿನಕ್ಕೆ ಎಂಟು ಹತ್ತು ಅರ್ಜಿ. ಪ್ರತಿ ಕಂಪನಿಗೂ ಅದೇ ಕಥೆಯನ್ನು ಹೊಸದಾಗಿ ತುಂಬಬೇಕು. ಎಷ್ಟೋ ಅರ್ಜಿಗಳಿಗೆ ಒತ್ತಿದ ಮರುನಿಮಿಷವೇ ಉತ್ತರ ಬರುತ್ತಿತ್ತು: ನಿಮ್ಮ ಅರ್ಜಿಯನ್ನು ಎಚ್ಚರಿಕೆಯಿಂದ ಪರಿಶೀಲಿಸಿದ್ದೇವೆ, ವಿಷಾದಿಸುತ್ತೇವೆ. ಒಂದು ನಿಮಿಷದಲ್ಲಿ ಅದೆಂಥ ಎಚ್ಚರಿಕೆಯೋ. ಎರಡು ಕಂಪನಿಗಳ ಅರ್ಜಿಯ ಪುಟದಲ್ಲೇ ತಪ್ಪುಗಳಿದ್ದವು. ತಡೆಯಲಾರದೆ ಅವಳು ಆ ತಪ್ಪುಗಳನ್ನು ಪಟ್ಟಿ ಮಾಡಿ ಅವರಿಗೇ ಕಳಿಸಿದಳು. ಒಬ್ಬರು ಸುಮ್ಮನೆ ತಿದ್ದಿಕೊಂಡರು. ಇನ್ನೊಬ್ಬರು ಅದನ್ನೂ ಮಾಡಲಿಲ್ಲ.

ಅಪರೂಪಕ್ಕೆ ಸಂದರ್ಶನಕ್ಕೆ ಕರೆ ಬಂದರೆ ಮನೆಯೆಲ್ಲ ಉಸಿರು ಬಿಗಿಹಿಡಿಯುತ್ತಿತ್ತು. ಅತ್ತೆ ಟಿವಿಯ ಸದ್ದು ತೆಗೆದು ಬರೀ ಚಿತ್ರ ನೋಡುತ್ತಿದ್ದರು. ಪರದೆಯ ಆ ಕಡೆ ಮಗಳಿಗಿಂತ ಏಳೆಂಟು ವರ್ಷ ದೊಡ್ಡ ಹುಡುಗನೊಬ್ಬ ಕೂತು, "ಮೇಡಂ, ಯಂತ್ರ ಮಾಡೋ ಕೆಲಸಾನ ನೀವು ಕೈಯಲ್ಲಿ ಮಾಡ್ತಿದ್ರಾ?" ಎಂದು ಕೇಳುತ್ತಿದ್ದ. ನಾಲ್ಕನೆಯ ತಿಂಗಳು ಆ ಯಂತ್ರದ ಪಾಠವನ್ನೂ ಕಲಿತಳು. ಆಗ ಮತ್ತೊಬ್ಬಳು, "ಕಲಿತಿದ್ದೀರಿ, ಸರಿ. ಅದರಲ್ಲಿ ಕೆಲಸ ಮಾಡಿದ ಅನುಭವ?" ಎಂದಳು. ಇನ್ನೊಂದು ಕಡೆ ಮೂರು ಸುತ್ತು ಮುಗಿದು, ನಾಳೆ ಪತ್ರ ಬರುತ್ತದೆ ಎಂದರು. ಗಂಡ ಅಂದು ಸಂಜೆ ಬೇಗ ಬಂದ, ಮಗಳು ಗೆಳತಿಯರಿಗೆಲ್ಲ ಹೇಳಿದಳು. ಮಾರನೆಯ ದಿನ ಆ ಹುದ್ದೆಯೇ ರದ್ದಾಗಿತ್ತು. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ.

ಏಳನೆಯ ತಿಂಗಳಲ್ಲಿ ಮಗಳು ಶಾಲೆಯ ಒಂದು ಫಾರಂ ತಂದಳು. ತಂದೆಯ ಉದ್ಯೋಗ ತುಂಬಿದ್ದಳು. ತಾಯಿಯ ಉದ್ಯೋಗ ಎಂಬಲ್ಲಿ ಪೆನ್ನು ನಿಂತಿತ್ತು.

"ಏನು ಬರೀಲಿ ಅಮ್ಮ?"

"ಟೆಸ್ಟರ್ ಅಂತ ಬರಿ."

"ಕಂಪನಿ ಹೆಸರು ಕೇಳಿದ್ದಾರೆ."

ಆ ಮಾತಿನಲ್ಲಿ ಕೊಂಕೇನೂ ಇರಲಿಲ್ಲ, ಫಾರಮ್ಮಿನಲ್ಲಿ ಇದ್ದದ್ದನ್ನೇ ಹುಡುಗಿ ಹೇಳಿದ್ದಳು. ಆದರೂ ಕೊಕ್ಕೆಯಕ್ಕ ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿ ಅತ್ತಳು. ಅವಳಿಗೆ ಬೇಕಾಗಿದ್ದದ್ದು ಬರೀ ಸಂಬಳವಲ್ಲ. ನಾನು ಇಂಥವಳು ಎಂದು ಒಂದು ಸಾಲಿನಲ್ಲಿ ಬರೆಯುವಂತಿರಬೇಕು. ಆ ಸಾಲು ಬೇಕಿತ್ತು, ಅದೂ ಬೇಗ. ವರ್ಷ ತುಂಬಿದರೆ ಮನೆಯಲ್ಲಿ ಕೂತವಳು ಎಂದು ಕಂಪನಿಗಳು ಅರ್ಜಿಯನ್ನು ತೆರೆದೂ ನೋಡುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಪ್ರಮಾಣಪತ್ರಗಳ ನಕಲು ತೆಗೆಸಲು ಅವಳು ಹೋಗುತ್ತಿದ್ದದ್ದು ಬಸ್ ನಿಲ್ದಾಣದ ಎದುರಿನ ಒಂದು ಜೆರಾಕ್ಸ್ ಅಂಗಡಿಗೆ. ಕೆಳಗೆ ಎರಡು ಜೆರಾಕ್ಸ್ ಯಂತ್ರ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೇಲೊಂದು ಕೋಣೆ. ಆ ಕೋಣೆಯಲ್ಲಿ ಅಂಗಡಿಯ ಒಡೆಯ ಅನುಭವ ಮಾರುತ್ತಿದ್ದ. ಹೌದು, ಅನುಭವವನ್ನೇ. ಎರಡು ವರ್ಷದ್ದು, ಮೂರು ವರ್ಷದ್ದು, ಗಿರಾಕಿಯ ಅಳತೆಗೆ ತಕ್ಕಂತೆ. ಇಲ್ಲದ ಕಂಪನಿಯ ಲೆಟರ್‌ಹೆಡ್, ಇಲ್ಲದ ಮ್ಯಾನೇಜರನ ಸಹಿ, ಕೆಲಸಕ್ಕೆ ಸೇರಿದ ಪತ್ರ, ಬಿಟ್ಟ ಪತ್ರ. ಮೊದಲು ಅವನೂ ಕಂಪನಿಗಳಿಗೆ ಜನ ಹುಡುಕಿಕೊಡುವ ಕೆಲಸದಲ್ಲಿದ್ದವನೇ. ಅದು ಹೋದಮೇಲೆ ಈ ದಂಧೆ. ಸುತ್ತಮುತ್ತಲಿನವರು ಅವನನ್ನು ಅನುಭವದಣ್ಣ ಎನ್ನುತ್ತಿದ್ದರು, ಅವನೂ ಓಗೊಡುತ್ತಿದ್ದ.

"ಅಕ್ಕಾ, ಎಷ್ಟು ತಿಂಗಳಾಯ್ತು ಮನೇಲಿ?" ಎಂದು ಒಂದು ದಿನ ಅವನೇ ಕೇಳಿದ. "ಮೇಲೆ ಬನ್ನಿ. ಆ ಗ್ಯಾಪ್ ಇದೆಯಲ್ಲ, ಅದನ್ನ ಮುಚ್ಚಿಬಿಡೋಣ."

"ಬೇಡಪ್ಪ. ನನಗೆ ಸುಳ್ಳು ಆಗಿಬರಲ್ಲ," ಎಂದಳು.

ಆದರೆ ನಕಲು ಕಟ್ಟು ಹಾಕಿ ಕೊಡುವಾಗ ಅವನ ಮೇಜಿನ ಮೇಲೆ ಯಾರದೋ ಕೆಲಸಕ್ಕೆ ಸೇರಿದ ಪತ್ರ, ಬಿಟ್ಟ ಪತ್ರ ಎರಡೂ ಬಿದ್ದಿದ್ದವು. ಕಣ್ಣು ಹಾಯಿತು. ಕಣ್ಣು ಹಾಯದೆ ಇರುವುದಾದರೂ ಹೇಗೆ, ಹತ್ತೊಂಬತ್ತು ವರ್ಷ ಪಳಗಿಸಿದ ಕಣ್ಣು. "ಇದರಲ್ಲಿ ಕೆಲಸಕ್ಕೆ ಸೇರಿದ ದಿನ ಭಾನುವಾರ ಬಂದಿದೆ," ಎಂದಳು. "ಕಂಪನಿ ಶುರುವಾದ ವರ್ಷ ಕೆಳಗೆ ಸಣ್ಣಕ್ಷರದಲ್ಲಿದೆ ನೋಡಿ, ಇವನು ಅದಕ್ಕಿಂತ ಮೊದಲೇ ಸೇರಿದ್ದಾನೆ. ಎರಡು ಪತ್ರಕ್ಕೂ ಎರಡು ವರ್ಷ ಅಂತರ ಇದೆ, ಸಹಿ ಮಾತ್ರ ಕೂದಲೆಳೆ ವ್ಯತ್ಯಾಸ ಇಲ್ದೆ ಒಂದೇ ಥರ."

ಅನುಭವದಣ್ಣ ಪತ್ರಗಳನ್ನು ನೋಡಿದ, ಅವಳನ್ನು ನೋಡಿದ. "ಅಕ್ಕಾ, ನೀವು ಇಷ್ಟು ದಿನ ಎಲ್ಲಿದ್ರಿ?" ಎಂದ.

ಕೆಲಸ ಕಳೆದುಕೊಂಡಮೇಲೆ ಅವಳ ಕೆಲಸವನ್ನು ಮೊದಲು ಮೆಚ್ಚಿದವನು ಈ ಕಳ್ಳ. ಅದನ್ನು ನೆನೆದರೆ ನನಗೆ ನಗುವೂ ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ. ಅವಳು ಮರುವಾರ ಹೋದಳು, ಅದರ ಮರುವಾರವೂ ಹೋದಳು. ಅವನು ಪತ್ರಗಳ ಕಟ್ಟು ಮುಂದಿಡುತ್ತಿದ್ದ, ಅವಳು ಕೆಂಪು ಪೆನ್ನು ಹಿಡಿದು ಕೂರುತ್ತಿದ್ದಳು. ನಾನೇನೂ ಸುಳ್ಳು ಬರೆಯುತ್ತಿಲ್ಲ, ಇರುವ ತಪ್ಪನ್ನು ತೋರಿಸುತ್ತಿದ್ದೇನೆ ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು. ಅವನು ಕೊಟ್ಟದ್ದರಲ್ಲಿ ಮನೆಗೆ ಒಂದಿಷ್ಟು ತರಕಾರಿ, ಮಗಳಿಗೊಂದು ಚಪ್ಪಲಿ ಬಂತು. ಮನೆಯಲ್ಲಿ, ದಾಖಲೆ ನೋಡುವ ಪಾರ್ಟ್‌ಟೈಮ್ ಕೆಲಸ ಎಂದಳು. ಗಂಡ ಒಂದು ಸಲ ಅವಳ ಮುಖ ನೋಡಿದ. ದಿನವಿಡೀ ಗಾಜಿನಲ್ಲಿ ಗೀರು ಹುಡುಕುವವನು ಅವನು. ಆದರೆ ಏನೂ ಕೇಳಲಿಲ್ಲ.

ಆ ಮೇಲಿನ ಕೋಣೆಯಲ್ಲೇ ಅವಳು ಕುರಿಯರ್‌ನವನನ್ನು ಕಂಡದ್ದು. ಮೂವತ್ತೆರಡರ ಆಸುಪಾಸು, ಹನ್ನೆರಡು ವರ್ಷ ಮನೆಮನೆಗೆ ಪಾರ್ಸೆಲ್ ಹಂಚಿ ಮಂಡಿ ಸವೆಸಿಕೊಂಡವನು. ದಿನವಿಡೀ ಮೆಟ್ಟಿಲು ಹತ್ತಿಳಿಯುವುದು ಇನ್ನು ಆಗದು ಎಂದು ವೈದ್ಯರು ಹೇಳಿದಮೇಲೆ ಸಂಜೆಯ ತರಗತಿಗೆ ಹೋಗಿ ಟೆಸ್ಟಿಂಗ್ ಕಲಿತಿದ್ದ. ಹೆಂಡತಿಗೆ ಏಳು ತಿಂಗಳು. ಕಲಿತದ್ದನ್ನು ತೋರಿಸೋಣವೆಂದರೆ ಅನುಭವವಿಲ್ಲದವನನ್ನು ಯಾರೂ ಒಳಗೇ ಬಿಡುತ್ತಿರಲಿಲ್ಲ. ಅವನಿಗೆ ಅನುಭವವಿಲ್ಲವೆಂದು ಬೇಡ, ಇವಳಿಗೆ ಹೆಚ್ಚಾಯಿತೆಂದು ಬೇಡ. ಇಬ್ಬರ ನಡುವೆ ಎಲ್ಲೋ ಒಬ್ಬ ಸರಿಯಾದ ಮನುಷ್ಯ ಇದ್ದಾನೆ, ಕಂಪನಿಗಳೆಲ್ಲ ಅವನೊಬ್ಬನನ್ನೇ ಹುಡುಕುತ್ತಿವೆ.

"ಇವನಿಗೆ ಎರಡು ವಾರ ಪಾಠ ಹೇಳಿಕೊಡಿ ಅಕ್ಕಾ. ಪತ್ರ ಇದ್ರೆ ಸಾಲದು, ಬಾಯೂ ಬೇಕಲ್ಲ," ಎಂದ ಅನುಭವದಣ್ಣ.

ಹೇಳಿಕೊಟ್ಟಳು. ಹುಡುಗ ಚುರುಕು. ಬ್ಯಾಂಕಿನ ಒಂದು ಫಾರಂ ಮುಂದಿಟ್ಟು ತಪ್ಪು ಹುಡುಕು ಎಂದರೆ ಅರ್ಧ ಗಂಟೆಯಲ್ಲಿ ಹದಿನಾಲ್ಕು ಹುಡುಕಿದ. ಅವಳು ಹುಡುಕಿದ್ದು ಹದಿಮೂರು. "ವಿಳಾಸದಲ್ಲಿ ಮನೆ ನಂಬರ್ ಇಲ್ಲದವರು ಎಷ್ಟೋ ಜನ ಇರ್ತಾರೆ ಮೇಡಂ. ಇದು ಅವರನ್ನ ಮುಂದಕ್ಕೇ ಬಿಡಲ್ಲ," ಎಂದ. ಬಾಗಿಲು ಬಾಗಿಲು ಅಲೆದವನಿಗಲ್ಲದೆ ಇನ್ಯಾರಿಗೆ ಅದು ಹೊಳೆಯಬೇಕು? ಬಹಳ ತಿಂಗಳ ಮೇಲೆ ಅವಳಿಗೆ ಆ ದಿನ ಮನಸ್ಸು ತುಂಬಿಬಂತು.

ಪತ್ರಗಳೆಲ್ಲ ಸಿದ್ಧವಾದಮೇಲೆ ಅನುಭವದಣ್ಣ ಇನ್ನೊಂದು ಮಾತು ತೆಗೆದ. "ಈಗೀಗ ಕಂಪನಿಯವರು ಫೋನ್ ಮಾಡಿ ವಿಚಾರಿಸ್ತಾರೆ ಅಕ್ಕಾ. ಇವನ ಲೀಡ್ ಅಂತ ಒಬ್ರು ಇರ್ಬೇಕು. ಹೌದು, ನನ್ನ ಕೈಕೆಳಗೆ ಮೂರು ವರ್ಷ ಇದ್ದ ಅಂತ ಒಂದು ಮಾತು ಹೇಳಿದ್ರೆ ಆಯ್ತು. ಹೆಸರು ಪತ್ರದಲ್ಲಿರೋದೇ. ಬೇರೆ ಸಿಮ್ ನಾನು ಕೊಡ್ತೀನಿ."

ಕುರಿಯರ್‌ನವನು ತಲೆ ತಗ್ಗಿಸಿ ಕೂತಿದ್ದ.

"ಹೇಳ್ತೀನಿ," ಎಂದಳು. "ಇವನೊಬ್ಬನಿಗೆ ಮಾತ್ರ. ಇವನಿಗೆ ಕಲಿಸಿದ್ದು ನಾನೇ, ಇವನಿಗೆ ಕೆಲಸ ಬರುತ್ತೆ. ಆದರೆ ಬೇರೆ ಸಿಮ್ ಬೇಡ. ಸುಳ್ಳು ಹೇಳೋದಕ್ಕೆ ಅಂತಲೇ ಒಂದು ನಂಬರ್ ಇಟ್ಕೊಳ್ಳೋಳು ನಾನಲ್ಲ. ನನ್ನ ನಂಬರೇ ಹಾಕಿ."

ಮನುಷ್ಯರು ಮಾನಕ್ಕೆ ಎಲ್ಲಿ ಬೇಲಿ ಹಾಕಿಕೊಳ್ಳುತ್ತಾರೆಂದು ಹೇಳಲು ಬರುವುದಿಲ್ಲ. ಸುಳ್ಳು ಹೆಸರಿಗೆ ಓಗೊಡಲು ಒಪ್ಪಿದವಳು ಸುಳ್ಳು ನಂಬರು ಬೇಡವೆಂದಳು. ಅನುಭವದಣ್ಣನಿಗೆ ನಗು ಬಂತು, ಆದರೂ ಅವಳು ಹೇಳಿದಂತೆಯೇ ಬರೆದುಕೊಂಡ. ಅದಾದಮೇಲೆ ಮೂರು ವಾರ ಯಾವ ಫೋನೂ ಬರಲಿಲ್ಲ, ಅವಳೂ ಆ ಕಡೆ ಹೋಗುವುದನ್ನು ಬಿಟ್ಟಳು. ಬಿಡುವುದಕ್ಕೆ ಕಾರಣ ಇತ್ತು.

ಹನ್ನೊಂದನೆಯ ತಿಂಗಳಲ್ಲಿ ಒಂದು ಒಳ್ಳೆಯ ಕಂಪನಿಯ ಬಾಗಿಲು ತೆರೆದಿತ್ತು. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವವರು. ಎರಡನೆಯ ಸುತ್ತಿಗೆ ಆಫೀಸಿಗೇ ಕರೆದು, ರೋಗಿಗೆ ಎಷ್ಟು ಔಷಧ ಕೊಡಬೇಕೆಂದು ಲೆಕ್ಕ ಹಾಕುವ ಪುಟವೊಂದನ್ನು ಮುಂದಿಟ್ಟರು. ಕೊಕ್ಕೆಯಕ್ಕ ವಯಸ್ಸಿನ ಜಾಗದಲ್ಲಿ ಸೊನ್ನೆ ತುಂಬಿದಳು. ಪುಟ ಒಪ್ಪಲಿಲ್ಲ, ವಯಸ್ಸು ಒಂದರಿಂದ ಶುರುವಾಗಬೇಕು ಎಂದಿತು.

"ಇವತ್ತು ಹುಟ್ಟಿದ ಮಗುವಿಗೆ ಏನು ಮಾಡ್ತೀರಿ?" ಎಂದಳು. "ನರ್ಸ್ ಅರ್ಜೆಂಟಿನಲ್ಲಿ ಒಂದು ಅಂತ ಹಾಕ್ತಾಳೆ. ಒಂದು ವರ್ಷದ ಮಗುವಿನ ಔಷಧ ಒಂದು ದಿನದ ಮಗುವಿಗೆ ಹೋಗುತ್ತೆ."

ಕೋಣೆಯಲ್ಲಿದ್ದ ಮೂವರಲ್ಲಿ ಹಿರಿಯನೊಬ್ಬ ಕುರ್ಚಿಯನ್ನು ಅವಳ ಕಡೆ ಎಳೆದುಕೊಂಡು, "ಇನ್ನೂ ಏನೇನಿದೆ, ತೋರಿಸಿ," ಎಂದ. ಒಂದೂವರೆ ಗಂಟೆ ಕೂತರು. ಹೊರಡುವಾಗ ಎಚ್‌ಆರ್ ಹುಡುಗಿ ಲಿಫ್ಟಿನವರೆಗೂ ಬಂದು, "ಇಬ್ಬರು ಉಳಿದಿದ್ದೀರಿ ಮೇಡಂ. ಇರೋದು ಒಂದೇ ಹುದ್ದೆ. ಇನ್ನು ಹಿನ್ನೆಲೆ ಪರಿಶೀಲನೆ, ಆಮೇಲೆ ಫೋನ್ ಮಾಡ್ತೀನಿ," ಎಂದಳು.

ಆ ವಾರ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಫೋನ್ ಕಾದಳು. ಸ್ನಾನಕ್ಕೆ ಹೋದರೆ ಫೋನು ಅತ್ತೆಯ ಕೈಯಲ್ಲಿ. ವರ್ಷ ತುಂಬಲು ಹದಿನೆಂಟು ದಿನ ಉಳಿದಿದ್ದವು. ಇಬ್ಬರಲ್ಲಿ ಆ ಇನ್ನೊಬ್ಬರು ಯಾರೋ, ಅವರ ಮನೆಯಲ್ಲಿ ಏನು ಕಷ್ಟವೋ ಎಂದು ಒಂದೊಂದು ಸಲ ಅನ್ನಿಸುತ್ತಿತ್ತು. ಮರುಕ್ಷಣವೇ, ಯಾರಾದರೇನು, ನನಗಾಗಲಿ ಎನ್ನಿಸುತ್ತಿತ್ತು. ಅದರಲ್ಲಿ ತಪ್ಪೇನು? ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ; ಆ ಕಡ್ಡಿಯನ್ನು ಇನ್ನೊಬ್ಬನ ಜೊತೆ ಹಂಚಿಕೊಂಡವನನ್ನು ನಾನಂತೂ ನೋಡಿಲ್ಲ.

ಗುರುವಾರ ಹನ್ನೊಂದು ಗಂಟೆಗೆ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಾಗ ಫೋನ್ ಬಂತು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎತ್ತಿದಳು. ಆ ಕಡೆಯಿಂದ ಒಬ್ಬ ಗಂಡಸು ಅವಳದಲ್ಲದ ಹೆಸರು ಹೇಳಿ, "ಅವರೇನಾ ಮಾತಾಡ್ತಿರೋದು?" ಎಂದ. ಅವಳಿಗೆ ಒಂದು ಗಳಿಗೆ ಬೇಕಾಯಿತು. ಅದು ಪತ್ರದಲ್ಲಿದ್ದ ಲೀಡ್‌ನ ಹೆಸರು.

"ಹೌದು," ಎಂದಳು.

"ನಾವು ಕಂಪನಿಗಳ ಪರವಾಗಿ ವಿಚಾರಣೆ ಮಾಡೋರು ಮೇಡಂ. ನಿಮ್ಮ ಕೈಕೆಳಗೆ ಒಬ್ಬರು ಮೂರು ವರ್ಷ ಕೆಲಸ ಮಾಡಿದ್ದಾರೆ ಅಂತ ಕೊಟ್ಟಿದ್ದಾರೆ," ಎಂದು ಅವನು ಕುರಿಯರ್‌ನವನ ಹೆಸರು ಹೇಳಿದ. "ಒಂದೆರಡು ಪ್ರಶ್ನೆ ಅಷ್ಟೆ."

"ಯಾವ ಕಂಪನಿಗೆ?" ಎಂದಳು. ಅದನ್ನು ಕೇಳಬೇಕಾಗಿರಲಿಲ್ಲ. ಯಾವುದನ್ನೂ ಪೂರ್ತಿ ತಿಳಿಯದೆ ಮುಂದಿನ ಹೆಜ್ಜೆ ಇಡದ ಕಸುಬು ಅವಳಿಂದ ಕೇಳಿಸಿತು.

ಅವನು ಹೇಳಿದ. ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿ.

ಆ ಇನ್ನೊಬ್ಬ ಯಾರೆಂದು ಹೀಗೆ ಗೊತ್ತಾಯಿತು. ತಂತಿಯ ಮೇಲೆ ಗಂಡನ ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅತ್ತ ದರಿ, ಇತ್ತ ಪುಲಿ. ಹೌದು ಎಂದರೆ ಸುಳ್ಳು, ಕೊಟ್ಟ ಮಾತು ಉಳಿಯುತ್ತದೆ, ಅವನಿಗೆ ಕೆಲಸವಾಗುತ್ತದೆ. ಇಲ್ಲ ಎಂದರೆ ಅದು ನಿಜ. ಹತ್ತೊಂಬತ್ತು ವರ್ಷ ತಪ್ಪನ್ನು ತಪ್ಪು ಎಂದೇ ಬರೆದವಳು, ಇವತ್ತು ನಿಜ ಹೇಳಲು ಯಾಕೆ ಹೆದರಬೇಕು? ಹೀಗೊಂದು ನ್ಯಾಯ ಅವಳ ತಲೆಯಲ್ಲಿ ಎಷ್ಟು ಬೇಗ ಸಿದ್ಧವಾಯಿತೆಂದರೆ ಅವಳಿಗೇ ನಾಚಿಕೆಯಾಗಬೇಕಿತ್ತು. ನಾಚಿಕೆ ಆಮೇಲೆ ಬಂತು.

"ಹಲೋ? ಮೇಡಂ?"

"ಇಲ್ಲ. ಅಂಥವರು ಯಾರೂ ನನ್ನ ಕೈಕೆಳಗೆ ಕೆಲಸ ಮಾಡಿಲ್ಲ. ಅವರು ಹೇಳೋ ಆ ಹಳೇ ಕಂಪನಿಯೂ ನನಗೆ ಗೊತ್ತಿಲ್ಲ," ಎಂದಳು.

"ಆಯ್ತು ಮೇಡಂ. ಬರ್ಕೊಂಡಿದ್ದೀನಿ."

ಎರಡು ನಿಮಿಷವೂ ಆಗಿರಲಿಲ್ಲ. ಉಳಿದ ಬಟ್ಟೆ ಹರವಿ, ಬಕೆಟ್ ಹಿಡಿದು ಕೆಳಗಿಳಿದಳು. ಅತ್ತೆ, "ಅವರದೇನಾ ಫೋನು?" ಎಂದರು. "ಅಲ್ಲ ಅತ್ತೆ, ಯಾರೋ ರಾಂಗ್ ನಂಬರ್," ಎಂದಳು. ಆ ಮಧ್ಯಾಹ್ನ ಕುರಿಯರ್‌ನವನು ಎರಡು ಸಲ ಫೋನ್ ಮಾಡಿದ. ಎತ್ತಲಿಲ್ಲ. 'ಮೇಡಂ, ವಿಚಾರಣೆಗೆ ಫೋನ್ ಬಂದಿತ್ತಾ?' ಎಂದು ಬರೆದು ಕಳಿಸಿದ. ಓದಿದಳು, ಉತ್ತರ ಕೊಡಲಿಲ್ಲ. ಅವನ ಹೆಂಡತಿಗೆ ಈಗ ಎಂಟು ತುಂಬಿರಬೇಕು ಎಂದು ಬೇಡವೆಂದರೂ ಲೆಕ್ಕ ಬರುತ್ತಿತ್ತು. ಆದರೂ, ಸುಳ್ಳೂ ಹೇಳಬಾರದು, ನಿಜವೂ ಹೇಳಬಾರದು ಎಂಬ ಕಾಯಿದೆ ಎಲ್ಲೂ ಇಲ್ಲವಲ್ಲ ಎಂದು ತನ್ನನ್ನು ತಾನೇ ಗದರಿಕೊಂಡಳು. ಇಷ್ಟರಲ್ಲಿ ಒಂದು ವಿಷಯ ಮಾತ್ರ ಅವಳಿಗೆ ಹೊಳೆಯಲೇ ಇಲ್ಲ.

ಅದನ್ನು ಮಾರನೆಯ ದಿನ ಎಚ್‌ಆರ್ ಹುಡುಗಿ ಹೇಳಿದಳು. ಫೋನ್ ಬಂದಾಗ ಅತ್ತೆ ಎದುರಿಗೇ ಕೂತಿದ್ದರು, ಸದ್ದು ತೆಗೆದ ಟಿವಿಯ ಮುಂದೆ.

"ಮೇಡಂ, ಒಂದು ವಿಷಯ ಕೇಳ್ಬೇಕಿತ್ತು," ಎಂದಳು ಹುಡುಗಿ. ಲಿಫ್ಟಿನವರೆಗೆ ಬಂದವಳ ದನಿ ಅದಾಗಿರಲಿಲ್ಲ. "ನಮ್ಮ ಇನ್ನೊಬ್ಬ ಅಭ್ಯರ್ಥಿ ತಮ್ಮ ಹಳೇ ಲೀಡ್ ಅಂತ ಒಂದು ನಂಬರ್ ಕೊಟ್ಟಿದ್ರು. ನಿನ್ನೆ ವಿಚಾರಣೆ ಆಫೀಸಿನವರ ವರದಿ ಬಂತು. ಆ ನಂಬರ್ ನಮ್ಮ ಫೈಲಿಗೆ ಹಾಕಿದ್ರೆ, ಇದು ಈಗಾಗ್ಲೇ ಇನ್ನೊಬ್ಬರದು ಅಂತ ಸಿಸ್ಟಂ ತೋರಿಸ್ತು. ಅದು ನಿಮ್ಮ ನಂಬರ್ ಮೇಡಂ."

ಅವಳು ಅತ್ತೆಗೆ ಬೆನ್ನು ಹಾಕಿ ಕಿಟಕಿಯ ಕಡೆ ತಿರುಗಿದಳು.

"ನೀವು ಆ ಬೇರೆ ಹೆಸರಿಗೆ ಹೌದು ಅಂತ ಒಪ್ಪಿಕೊಂಡ್ರಂತೆ. ಆಮೇಲೆ, ಆ ಅಭ್ಯರ್ಥಿ ಗೊತ್ತೇ ಇಲ್ಲ ಅಂದ್ರಂತೆ. ಅವರನ್ನ ಕರೆಸಿ ಕೇಳಿದ್ವಿ. ಅವರು ಎಲ್ಲಾ ಹೇಳಿಬಿಟ್ರು. ಆ ಅಂಗಡಿ, ಪತ್ರ, ನೀವು ಪಾಠ ಹೇಳಿದ್ದು."

ನಂಬರು ಕದ್ದಿದ್ದಾನೆ ಎನ್ನಬಹುದೇ ಎಂದು ಅವಳಿಗೆ ಒಂದು ಕ್ಷಣ ಅನ್ನಿಸಿದ್ದು ನಿಜ. "ಅವನು ಹೇಳಿದ್ದೆಲ್ಲಾ ನಿಜ," ಎಂದಳು.

ಆ ಹುಡುಗಿ ಉಸಿರು ಬಿಟ್ಟದ್ದು ಕೇಳಿಸಿತು. "ಇದನ್ನ ನಾನು ಹೇಳ್ಬಾರದು ಮೇಡಂ. ಆದ್ರೂ ಹೇಳ್ತೀನಿ. ನಿಮ್ಮನ್ನೇ ತಗೊಳ್ಳೋದು ಅಂತ ಬುಧವಾರಾನೇ ತೀರ್ಮಾನ ಆಗಿತ್ತು. ನಿಮ್ಮ ಪತ್ರಕ್ಕೆ ಸಹಿನೂ ಬಿದ್ದಿತ್ತು. ನೀವು ಬರದೆ ಹೋದ್ರೆ ಇರಲಿ ಅಂತ ಎರಡನೆಯವರದ್ದೂ ವಿಚಾರಿಸ್ತೀವಿ, ಅದು ನಮ್ಮಲ್ಲಿ ಯಾವಾಗ್ಲೂ ಮಾಡೋದು. ಇನ್ನು ಆಗಲ್ಲ. ಕ್ಷಮಿಸಿ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಸುಲಭವಾಗಿ ಅಂದುಬಿಡುತ್ತಾರೆ. ತುತ್ತು ಅವಳ ತಟ್ಟೆಯಲ್ಲೇ ಇತ್ತು. ಅದು ಗೊತ್ತಿಲ್ಲದೆ ಪಕ್ಕದವನ ತಟ್ಟೆಗೆ ಕೈಹಾಕಿ ಎರಡನ್ನೂ ಚೆಲ್ಲಿದ್ದಳು. ಹೌದು ಎಂದಿದ್ದರೂ ಆ ನಂಬರಿನಿಂದ ಸಿಕ್ಕಿಬೀಳುತ್ತಿದ್ದಳು ಎನ್ನಿ. ಅದು ಸಮಾಧಾನವಾಗಲಿಲ್ಲ. ಸಿಕ್ಕಿಬಿದ್ದದ್ದಕ್ಕಿಂತ ತಾನು ಆಡಿದ ಆ 'ಇಲ್ಲ' ಹೆಚ್ಚು ನೋಯುತ್ತಿತ್ತು.

"ಏನಂತೆ?" ಎಂದರು ಅತ್ತೆ.

"ಆಗಲಿಲ್ಲ ಅತ್ತೆ," ಎಂದಳು.

ಅತ್ತೆ ಎದ್ದು ಬಂದು ಅವಳ ತಲೆ ಸವರಿದರು. "ಹೋಗ್ಲಿ ಬಿಡು. ಅವರಿಗೆ ನಿನ್ನಂಥೋಳನ್ನ ಪಡೆಯೋ ಯೋಗ್ಯತೆ ಇಲ್ಲ," ಎಂದರು. ಅತ್ತೆಯ ಬೈಗುಳವನ್ನು ಅವಳು ತಡೆದುಕೊಂಡಿದ್ದಳು. ಆ ಒಳ್ಳೆಯ ಮಾತನ್ನು ತಡೆಯಲಾಗಲಿಲ್ಲ. ಫೋನ್ ಹಿಡಿದು ಮಹಡಿಗೆ ಹೋದಳು.

ಕುರಿಯರ್‌ನವನಿಗೆ ತಾನೇ ಫೋನ್ ಮಾಡಿದಳು. ಬೈದರೆ ಬೈಸಿಕೊಳ್ಳುವುದು ಎಂದು ಗಟ್ಟಿಮಾಡಿಕೊಂಡಿದ್ದಳು. ಅವನು ಮೊದಲನೆಯ ರಿಂಗಿಗೇ ಎತ್ತಿದ. ಹಿಂದೆ ಬಸ್ಸಿನ ಸದ್ದು ಕೇಳುತ್ತಿತ್ತು.

"ಮೇಡಂ, ಆ ಕೆಲಸಕ್ಕೆ ನೀವೂ ಹಾಕಿದ್ರಂತೆ. ಆಫೀಸಲ್ಲಿ ಹೇಳಿದ್ರು," ಎಂದ. "ನನಗೆ ಮೊದ್ಲೇ ಗೊತ್ತಿದ್ರೆ ಹಾಕ್ತಾನೇ ಇರಲಿಲ್ಲ ಮೇಡಂ. ನಿಮ್ಮ ಎದುರು ನಾನು ನಿಲ್ಲೋದಾ? ನಿಮಗೆ ಕೆಲಸ ಖಾತ್ರಿ ಆಗಿತ್ತು, ಅದಕ್ಕೇ ನಿನ್ನೆ ಇಲ್ಲ ಅಂದ್ರಿ ಅಂತ ಆಮೇಲೆ ಅರ್ಥ ಮಾಡ್ಕೊಂಡೆ. ಬೇಜಾರಿಲ್ಲ." ಸ್ವಲ್ಪ ತಡೆದು, "ನಿಮಗಾದ್ರೂ ಆಯ್ತಲ್ಲ?" ಎಂದ.

"ಇಲ್ಲಪ್ಪ," ಎಂದಳು. "ನನಗೂ ಆಗ್ಲಿಲ್ಲ."

ಬಸ್ಸು ನಿಂತ ಸದ್ದು, ಜನ ಇಳಿದ ಸದ್ದು ಕೇಳಿತು. ಅವನು ಇಳಿದನೋ ಇಲ್ಲವೋ ತಿಳಿಯಲಿಲ್ಲ.

"ಹಾಗಾದ್ರೆ ಯಾಕೆ ಇಲ್ಲ ಅಂದ್ರಿ ಮೇಡಂ?" ಎಂದ.

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಪಾಠದ ಹೊತ್ತಿನಲ್ಲಿ ತಿಳಿಯದ್ದನ್ನು ಕೇಳುತ್ತಿದ್ದನಲ್ಲ, ಹಾಗೇ ಕೇಳಿದ್ದ. ನಿಜ ಹೇಳಿದೆ ಎನ್ನಬಹುದಿತ್ತು. ಅವಳು ಆಡಿದ್ದು ನಿಜವೂ ಆಗಿತ್ತು. ಆದರೆ ಆ ಮಾತು ಬಾಯಿಗೆ ಬರಲಿಲ್ಲ.

"ಕೆಲಸ ಬೇಕಿತ್ತಪ್ಪ," ಎಂದಳು.